ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ಮೂರು ತಿಂಗಳು



ಈ ಸಂಚಿಕೆಯಲ್ಲಿ ನಾವು ಧಾರಣೆಯ ವಿಚಾರವನ್ನಾಗಲಿ ಕೊಳೆರೋಗದ ವಿಚಾರವನ್ನಾಗಲಿ ಎತ್ತಿಕೊಂಡಿಲ್ಲ. ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ ಅರವತ್ತು ದಾಟಿದವರು. ಕಣ್ಣಿನ ಪೊರೆ, ಹರ್ನಿಯಾ, ಪ್ರಾಸ್ಟೇಟ್ ಗ್ರಂಥಿ, ಮಂಡಿ, ಸೊಂಟ, ಹೀಗೆ ಒಂದಲ್ಲ ಒಂದು ಆಪರೇಷನ್ ಮಾಡಿಸಿಕೊಂಡವರು ಪ್ರತಿ ಮಹಾಸಭೆಯಲ್ಲಿಯೂ ನಮ್ಮೆದುರಿಗೆ ಕುಳಿತಿರುತ್ತಾರೆ. ವಿಚಾರಿಸಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಆಪರೇಷನ್ ಏನೋ ಚೆನ್ನಾಗಿಯೇ ಆಯಿತು, ಆಮೇಲಿನದ್ದೇ ಕಷ್ಟವಾಯಿತು ನೋಡಿ." ಆ ಆಮೇಲಿನ ದಿನಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ಖರ್ಚಿನ ಮಟ್ಟಿಗೆ ಸಹಕಾರ ಚಳವಳಿ ತನ್ನ ಕೈಲಾದುದನ್ನು ಮಾಡಿದೆ. ಯಶಸ್ವಿನಿ ಯೋಜನೆ 2003ರ ಜೂನ್ ತಿಂಗಳಲ್ಲಿ ಜಾರಿಗೆ ಬಂದಾಗ ಸದಸ್ಯನೊಬ್ಬ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಾಗಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಲಾಯಿತು. 2022ರಲ್ಲಿ ಮತ್ತೆ ಪ್ರಕಟವಾಗಿ, 2023ರ ಜನವರಿಯಿಂದ ಚಿಕಿತ್ಸೆ ಪುನಃ ಆರಂಭವಾಯಿತು. ಹೀಗೆ ಮರಳಿ ಬಂದಾಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು ಗೊತ್ತುಮಾಡಿದರು. ಇದು ಸಣ್ಣ ಮಾತಲ್ಲ. ಆದರೆ ಯಾವ ಯೋಜನೆಯ ಕಾರ್ಡೂ ಮನೆಗೆ ಬಂದು ಮುದುಕರ ತೋಳು ಹಿಡಿದು ಬಚ್ಚಲಿಗೆ ಕರೆದೊಯ್ಯುವುದಿಲ್ಲ.

ಈ ವಿಚಾರ ನಮಗೆ ಗಟ್ಟಿಯಾಗಿ ಮನಸ್ಸಿಗೆ ಹತ್ತಿದ್ದು ಇಲ್ಲಿ ಅಲ್ಲ, ವಿಜಯಪುರ ಜಿಲ್ಲೆಯಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ಲಿಂಬೆ, ತೊಗರಿ, ಬಿಳಿಜೋಳದ ನಾಡು. ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಅದೇಕೆ ಎಂದು ಕೆಲವರು ಕೇಳಬಹುದು. ಅಲ್ಲಿಯ ದುಡಿಯುವ ಜನ ಹೆಚ್ಚಾಗಿ ಗೋವಾ, ಮಹಾರಾಷ್ಟ್ರಗಳಿಗೆ ಗುಳೆ ಹೋದರೂ, ನಮ್ಮ ಕೆಲವು ಸದಸ್ಯರ ತೋಟಗಳಿಗೆ ಬರುವ ಗ್ಯಾಂಗುಗಳೂ ಉಂಟು. ಹಿಂಗಾರಿ ಜೋಳ ಬಿತ್ತಿ ಬಂದು, ಹಣ್ಣು ಕೊಯ್ದು, ರಾಶಿಯ ಹೊತ್ತಿಗೆ ಊರು ಸೇರುವವರು. ಕಳೆದ ವರ್ಷ ಸಿಂದಗಿ ತಾಲ್ಲೂಕಿನ ಮೇಸ್ತ್ರಿಯೊಬ್ಬರು ಬರಲಿಲ್ಲ. ವಯಸ್ಸು ಅರವತ್ತೆಂಟು. ರಾತ್ರಿ ದನದ ಕೊಟ್ಟಿಗೆಯ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅವರಿಗೆ ಕೊಡಬೇಕಾಗಿದ್ದ ಬಾಕಿಯನ್ನು ಮುಟ್ಟಿಸುವ ನೆಪದಲ್ಲಿ ನಾವು ಹೋದಾಗ ಆಪರೇಷನ್ ಆಗಿ ಏಳನೆಯ ವಾರ ನಡೆಯುತ್ತಿತ್ತು.

ಮಗ ಸೊಸೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಆಪರೇಷನ್ನಿಗೆ ಬಂದು ಹತ್ತು ದಿನ ಇದ್ದು, ಕೂಲಿ ತಪ್ಪುತ್ತದೆಂದು ಹಿಂದಿರುಗಿದ್ದರು. ಮನೆಯಲ್ಲಿ ಉಳಿದವರು ಮೇಸ್ತ್ರಿ, ಅವರ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. ಆದರೂ ಆ ಮನುಷ್ಯ ಹಾಸಿಗೆ ಹಿಡಿದಿರಲಿಲ್ಲ. ವಾಕರ್ ಹಿಡಿದು ಬಾಗಿಲಿನಿಂದ ಕಟ್ಟೆಯವರೆಗೆ, ಕಟ್ಟೆಯಿಂದ ಬೇವಿನ ಮರದವರೆಗೆ, ದಿನಕ್ಕೆ ನಾಲ್ಕು ಬಾರಿ ಎಣಿಸಿ ನಡೆಯುತ್ತಿದ್ದರು. ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರೆಂದರು: "ಎಲುಬು ಕೂಡಾಕ ಮೂರ ತಿಂಗಳ ಬೇಕು ಅಂದಾರ್ರೀ ಸಾವಕಾರ್ರ. ಜ್ವಾಳಕ್ಕ ನಾಕ ತಿಂಗಳ ಕಾಯ್ತೀವಿ. ಬಿತ್ತಿದ ಮರುದಿನಾ ಹೋಗಿ ಕೆದರಿ ನೋಡಿದ್ರ ಬೆಳೀತೈತೇನ್ರೀ?"

ಈ ತಾಳ್ಮೆ ಅವರೊಬ್ಬರದೇ ಆಗಿರಲಿಲ್ಲ. ಓಣಿಯವರು ಪಾಳಿ ಹಚ್ಚಿಕೊಂಡಿದ್ದರು. ಮುಂಜಾನೆಯ ರೊಟ್ಟಿ ಪಲ್ಯ ಒಂದು ಮನೆಯಿಂದ, ರಾತ್ರಿಯದು ಇನ್ನೊಂದು ಮನೆಯಿಂದ. ಸಂಜೆ ನಡೆಯುವಾಗ ಪಕ್ಕದಲ್ಲಿರಲು ಒಬ್ಬ ಹುಡುಗ. ರಾತ್ರಿ ಅವರು ಎದ್ದರೆ ಹಿಡಿಯಲೆಂದು ಮೊದಲ ಮೂರು ವಾರ ಒಬ್ಬರಲ್ಲ ಒಬ್ಬರು ಪಡಸಾಲೆಯಲ್ಲೇ ಮಲಗುತ್ತಿದ್ದರಂತೆ. ಇದನ್ನು ಯಾರೂ ದಾನವೆಂದು ಹೇಳಲಿಲ್ಲ. ಆ ಓಣಿಯ ಅನೇಕ ಬಾಣಂತನಗಳಲ್ಲಿ ಮೇಸ್ತ್ರಿಯ ಹೆಂಡತಿ ನಿಂತು ಕೆಲಸ ಮಾಡಿದವರು. ಲೆಕ್ಕ ಎಲ್ಲರಿಗೂ ಗೊತ್ತಿತ್ತು.

ಎಲ್ಲ ಮನೆಗಳೂ ಹೀಗಿಲ್ಲ. ಇಂಡಿ ತಾಲ್ಲೂಕಿನಲ್ಲಿ ಪೊರೆ ತೆಗೆಸಿಕೊಂಡ ಮುದುಕಿಯೊಬ್ಬರನ್ನು ಕಂಡೆವು. ಮಕ್ಕಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಕಣ್ಣಿಗೆ ಹನಿ ಹಾಕುವವರು ಪಕ್ಕದ ಮನೆಯ ಶಾಲಾ ಹುಡುಗಿ. ಆಕೆ ಶಾಲೆಗೆ ಹೋದ ಹೊತ್ತಿನ ಹನಿ ತಪ್ಪುತ್ತಿತ್ತು. ಒಲೆಯ ಹೊಗೆಯೊಳಗೇ ಅಡುಗೆಯೂ ನಡೆದಿತ್ತು. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯೂ ಮುದುಕರು, ಮಕ್ಕಳು ಮಾತ್ರ ಉಳಿದ ಮನೆಗಳನ್ನು ನೋಡಿದೆವು. ಬಸವಣ್ಣನವರು ಹುಟ್ಟಿದ ನಾಡಿನವರಿಗೆ ದಾಸೋಹವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಆದರೆ ದಾಸೋಹಕ್ಕೂ ಕೈಗಳು ಬೇಕು, ಆ ಕೈಗಳು ಗುಳೆ ಹೋಗಿವೆ.

ನಮ್ಮ ಕಡೆ ಪರಿಸ್ಥಿತಿ ಬೇರೆಯೇ? ನಮ್ಮ ಮಕ್ಕಳು ಹೋಗಿರುವುದು ಬೆಂಗಳೂರಿಗೆ, ಕೆಲವರು ಅಮೆರಿಕಕ್ಕೆ. ಅದಕ್ಕೆ ಗುಳೆ ಎಂಬ ಹೆಸರಿಲ್ಲ, ಅಷ್ಟೇ. ಅಲ್ಲಿ ಓಣಿಯಾದರೂ ಇದೆ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಕೂಗಿದರೆ ಕೇಳಿಸುವುದಿಲ್ಲ. ಇದರ ಮೇಲೆ ಬೆಳೆಗಾರನ ಸ್ವಭಾವ ಬೇರೆ. ಬೋರ್ಡೋ ಹೊಡೆಯುವ ದಿನ ತಾನು ನಿಂತು ನೋಡದಿದ್ದರೆ ತೋಟವೇ ಹೋಯಿತೆಂದು ಭಾವಿಸುವವರು ನಾವು. ನಮ್ಮ ಹಿರಿಯ ಸದಸ್ಯರೊಬ್ಬರು ಹರ್ನಿಯಾ ಆಪರೇಷನ್ ಆದ ಮೂರನೆಯ ವಾರ, ಮಳೆಮೋಡ ಕಂಡಿತೆಂದು ಕಣದ ಕಾಫಿ ಮೂಟೆಗೆ ತಾವೇ ಕೈ ಹಾಕಿದರು. ಎರಡನೆಯ ಸಲ ಆಸ್ಪತ್ರೆ ಸೇರಬೇಕಾಯಿತು. ಉಳಿಸಿದ್ದು ಎರಡು ಮೂಟೆ.

ಇನ್ನು ಕೆಲವರದು ಇದಕ್ಕೆ ವಿರುದ್ಧ. ಆಪರೇಷನ್ ಎಂದರೆ ತಿಂಗಳುಗಟ್ಟಲೆ ಮಲಗಿರಬೇಕೆಂಬ ನಂಬಿಕೆ. ಸೊಂಟದ ಮೂಳೆಗೆ ಸಲಾಕಿ ಹಾಕಿದವರನ್ನು ವೈದ್ಯರು ಮರುದಿನವೋ ಅದರ ಮರುದಿನವೋ ಎಬ್ಬಿಸಿ ನಿಲ್ಲಿಸುವುದನ್ನು ಕಂಡು ಮನೆಯವರು ಇದು ನಿರ್ದಯವೆಂದು ಬೈಯುವುದುಂಟು. ಅದು ನಿರ್ದಯವಲ್ಲ. ವಯಸ್ಸಾದ ದೇಹ ಹಾಸಿಗೆಯಲ್ಲಿ ಬಿದ್ದಿದ್ದರೆ ಸ್ನಾಯುಗಳು ಬೇಗನೆ ಕರಗುತ್ತವೆ, ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ತಾಳ್ಮೆ ಎಂದರೆ ಮಲಗಿರುವುದಲ್ಲ. ಹೇಳಿದಷ್ಟು ನಡೆದು, ಹೇಳಿದುದಕ್ಕಿಂತ ಹೆಚ್ಚು ಎತ್ತದೆ ಇರುವುದು. ಮಂಡಿಯ ಕೀಲು ಬದಲಾಯಿಸಿದವರಿಗೆ ಬಾವು ಇಳಿಯಲು ತಿಂಗಳುಗಳೇ ಬೇಕಾಗಬಹುದು, ಪೂರ್ತಿ ಹಿಡಿತ ಬರಲು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಪಕ್ಕದ ಊರಿನವರು ಆರು ವಾರಕ್ಕೆ ಬಸ್ಸು ಹತ್ತಿದರಂತೆ ಎಂಬ ಹೋಲಿಕೆಯಿಂದ ಯಾರ ಮಂಡಿಯೂ ಬೇಗ ವಾಸಿಯಾಗಿಲ್ಲ.

ಮನೆಯವರನ್ನು ಅತಿಯಾಗಿ ಹೆದರಿಸುವುದು ಇನ್ನೊಂದಿದೆ. ಆಪರೇಷನ್ ಆದ ಒಂದೆರಡು ದಿನಗಳಲ್ಲಿ ಕೆಲವು ಹಿರಿಯರಿಗೆ ಬುದ್ಧಿ ಮಂಕಾದಂತಾಗುತ್ತದೆ. ರಾತ್ರಿ ಎದ್ದು ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ, ಸೊಸೆಯನ್ನೇ ಯಾರೆಂದು ಕೇಳುತ್ತಾರೆ. ಹುಚ್ಚು ಹಿಡಿಯಿತೆಂದು ಅಳುತ್ತಾ ಕೂರಬಾರದು, ವೈದ್ಯರಿಗೆ ತಿಳಿಸಬೇಕು. ಸೋಂಕು, ಮೂತ್ರ ಕಟ್ಟುವುದು, ಔಷಧಿ, ನೋವು, ನಿದ್ರೆಗೇಡು, ಹೀಗೆ ಕಾರಣಗಳಿರುತ್ತವೆ. ಕಾರಣ ಹುಡುಕಿ ಚಿಕಿತ್ಸೆ ಮಾಡಿದರೆ ಬಹುಪಾಲು ಜನರಿಗೆ ಇದು ತಿಳಿಯಾಗುತ್ತದೆ. ಕನ್ನಡಕ, ಕಿವಿಯ ಯಂತ್ರ ಕೈಗೆ ಕೊಡಿ. ಹಗಲಿನಲ್ಲಿ ಕಿಟಕಿ ತೆರೆದಿಡಿ, ಗೋಡೆಯ ಗಡಿಯಾರ ಕಾಣುವಂತಿರಲಿ. ಪರಿಚಯದ ಒಬ್ಬರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಊರಿನ ಸುದ್ದಿ ಹೇಳುತ್ತಿದ್ದರೆ ಅದೂ ಒಂದು ಮದ್ದೇ.

ಪಥ್ಯದ ವಿಚಾರದಲ್ಲಿ ನಮ್ಮ ಅಜ್ಜಿಯರೊಡನೆ ಜಗಳವಾಡುವ ಧೈರ್ಯ ನಮಗಿಲ್ಲ, ಆದರೂ ಬರೆಯದೆ ಇರಲಾರೆವು. ನಂಜಾಗುತ್ತದೆಂದು ಬೇಳೆ, ಮೊಸರು, ಮೊಟ್ಟೆ ಎಲ್ಲವನ್ನೂ ಬಿಡಿಸಿ ಬರೀ ಗಂಜಿ ಕೊಟ್ಟರೆ ಗಾಯ ಕೂಡುವುದಾದರೂ ಯಾವುದರಿಂದ? ವೈದ್ಯರು ಬೇರೆ ಹೇಳಿಲ್ಲವಾದರೆ ಬೇಳೆ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಸಕ್ಕರೆ ಕಾಯಿಲೆಯವರು ರಕ್ತ ಪರೀಕ್ಷೆ ತಪ್ಪಿಸಬಾರದು.

ತಾಳ್ಮೆಯನ್ನು ಇಷ್ಟು ಹೊಗಳಿದ ಮೇಲೆ, ಎಲ್ಲಿ ತಾಳ್ಮೆ ಕೂಡದು ಎಂಬುದನ್ನೂ ಹೇಳಬೇಕು. ಜ್ವರ, ಗಾಯದ ಸುತ್ತ ಹೆಚ್ಚುತ್ತಿರುವ ಕೆಂಪು, ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ನೋವು, ಮೂತ್ರ ಕಟ್ಟುವುದು, ಆಪರೇಷನ್ ಆದ ಕಣ್ಣು ಕೆಂಪಾಗಿ ನೋಯುವುದು ಅಥವಾ ಮಂಜಾಗುವುದು: ಇವುಗಳಲ್ಲಿ ಯಾವುದು ಕಂಡರೂ ಸಂತೆಯ ದಿನದವರೆಗೆ ಕಾಯದೆ ಆ ದಿನವೇ ವೈದ್ಯರನ್ನು ಕಾಣಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು.

ಇನ್ನು ನೋಡಿಕೊಳ್ಳುವವರ ಮಾತು. ನಮ್ಮ ಮನೆಗಳಲ್ಲಿ ಎಪ್ಪತ್ತರ ಗಂಡನನ್ನು ಎತ್ತಿ ಕೂರಿಸುವವರು ಅರವತ್ತೈದರ ಹೆಂಡತಿ. ಅವರ ಮಂಡಿಗಳೂ ಅದೇ ಗುಡ್ಡ ಹತ್ತಿ ಸವೆದವೇ. ಹೆಂಡತಿಗೆ ಆಪರೇಷನ್ ಆದರಂತೂ ಗತಿ ಕೇಳಬೇಡಿ. ನೀರು ಕಾಯಿಸಲೂ ಬಾರದ ಯಜಮಾನರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥ ಮನೆಗಳಲ್ಲಿ ಹೆಂಗಸರು ಹದಿನೈದನೆಯ ದಿನಕ್ಕೇ ಒಲೆಯ ಮುಂದೆ ನಿಂತಿರುತ್ತಾರೆ, ಅದನ್ನು ಯಾರೂ ಅವಸರವೆಂದು ಕರೆಯುವುದಿಲ್ಲ.

ಆದ್ದರಿಂದ ನಾವು ಮುಂದಿಡುವ ಸಲಹೆ ಇದು. ಮುಯ್ಯಾಳು ನಮಗೆ ಹೊಸದಲ್ಲ. ನೆಟ್ಟಿಗೆ, ಕೊಯ್ಲಿಗೆ ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ಬಂದವರೇ. ಅದನ್ನೇ ಆಪರೇಷನ್ ಆದ ಮನೆಗೂ ಅನ್ವಯಿಸೋಣ. ದಿನ ಗೊತ್ತಾದ ಸದಸ್ಯರು ಎರಡು ವಾರ ಮೊದಲೇ ಸಂಘಕ್ಕೆ ತಿಳಿಸಲಿ. ಸಮೀಪದ ಮೂರು ಮನೆಗಳವರು ಪಾಳಿ ಹಂಚಿಕೊಳ್ಳಲಿ: ಒಬ್ಬರು ತೋಟದ ಆಳುಗಳನ್ನು ನೋಡಿಕೊಳ್ಳುವುದು, ಒಬ್ಬರು ಆಸ್ಪತ್ರೆಗೆ ಕರೆದೊಯ್ಯುವುದು, ಒಬ್ಬರು ರಾತ್ರಿ ಜೊತೆಗಿರುವುದು. ಇದರ ಲೆಕ್ಕ ಒಂದು ಪುಸ್ತಕದಲ್ಲಿರಲಿ. ಉಪಕಾರದ ಹೊರೆ ಯಾರ ತಲೆಯ ಮೇಲೂ ಉಳಿಯದು. ನಮ್ಮ ಲೈನ್ ಮನೆಗಳಲ್ಲಿರುವ ಕೆಲಸಗಾರರೂ, ಬಯಲುಸೀಮೆಯಿಂದ ಬರುವ ಗ್ಯಾಂಗಿನವರೂ ಈ ಪುಸ್ತಕದೊಳಗೆ ಬರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಸಂಘವೇನು ಧರ್ಮಛತ್ರವೇ ಎಂದು ನಿರ್ದೇಶಕರೊಬ್ಬರು ಈಗಾಗಲೇ ಕೇಳಿದ್ದಾರೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಮೊದಲ ಸಹಕಾರ ಸಂಘ ಹುಟ್ಟಿದ್ದು ಒಬ್ಬೊಬ್ಬರಿಂದ ಆಗದುದನ್ನು ಹತ್ತು ಜನ ಸೇರಿ ಮಾಡಲೆಂದೇ. ವ್ಯವಹಾರದ ಮಾತೇ ಬೇಕೆಂದರೆ, ಯಜಮಾನ ಮಲಗಿ ಒಂದು ಸಿಂಪಡಣೆ ತಪ್ಪಿದ ತೋಟದ ಸಾಲ ಹೇಗೆ ವಸೂಲಾಗುತ್ತದೆಂಬುದನ್ನು ಅದೇ ನಿರ್ದೇಶಕರು ನಮಗೆ ತಿಳಿಸಲಿ.

ವಿಷಯವನ್ನು ಮುಂದಿನ ಆಡಳಿತ ಮಂಡಳಿಯ ಸಭೆಗೆ ತರುತ್ತಿದ್ದೇವೆ. ಪಾಳಿಗೆ ಸೇರಲೊಪ್ಪುವವರು ಡಿಪೋದ ಗುಮಾಸ್ತರಲ್ಲಿ ಹೆಸರು ಬರೆಸಬಹುದು. ಸದ್ಯಕ್ಕೆ ಎರಡು ವಾಕರ್‌ಗಳು, ಒಂದು ಕಮೋಡ್ ಕುರ್ಚಿ ಡಿಪೋದಲ್ಲಿವೆ. ಬೇಕಾದವರು ರಸೀದಿ ಬರೆದುಕೊಟ್ಟು ಒಯ್ಯಬಹುದು. ಒಯ್ಯುವ ಮೊದಲು ವಾಕರ್ ಕಾಲಿನ ರಬ್ಬರು ಸವೆದಿದೆಯೇ ಎಂದು ನೋಡಿಕೊಳ್ಳಬೇಕು. ನಮ್ಮ ಒದ್ದೆ ಅಂಗಳಗಳಲ್ಲಿ ಅದು ಜಾರುತ್ತದೆ.