ಹೆಡ್‌ಫೋನ್ ಕೂಟದಲ್ಲಿ ಹಾಡಿಗೇನು ಕೆಲಸ?

ಬೆಂಗಳೂರಿನಲ್ಲಿ ನಾನು ಹೋಗಿಬಂದ ಮೂರು ಹೆಡ್‌ಫೋನ್ ಕೂಟಗಳಲ್ಲಿ ಒಬ್ಬರೇ ಒಬ್ಬರು ಒಂದು ಹಾಡನ್ನು ಪೂರ್ತಿ ಕೇಳಿದ್ದನ್ನು ನಾನು ಕಾಣಲಿಲ್ಲ. ಭಾನುವಾರ ಮಧ್ಯಾಹ್ನ ಯಾವುದೋ ಕೆಫೆಯ ಮಹಡಿಯಲ್ಲಿ ಇಪ್ಪತ್ತು ಮೂವತ್ತು ಜನ ಸೇರಿರುತ್ತಾರೆ. ಉದ್ದನೆಯ ಮೇಜಿನ ಮೇಲೆ ತಲೆಗೆ ಹಾಕುವ ದೊಡ್ಡ ಹೆಡ್‌ಫೋನ್‌ಗಳು, ಕಿವಿಯೊಳಗೆ ಕೂರುವ ಐಇಎಂಗಳು, ಫೋನಿನ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಡ್ಯಾಕ್ ಎಂಬ ಪುಟ್ಟ ಡಬ್ಬಿಗಳು, ಆಂಪ್ಲಿಫೈಯರ್‌ಗಳು, ಇವನ್ನೆಲ್ಲ ಒಂದಕ್ಕೊಂದು ಸೇರಿಸುವ ತಂತಿಗಳು. ಕೆಲವು ತಂತಿಗಳ ಬೆಲೆಯೇ ನನ್ನ ಒಂದು ತಿಂಗಳ ಫೆಲೋಶಿಪ್‌ಗಿಂತ ಹೆಚ್ಚು. ನುಡಿಸುವುದು ಹೆಚ್ಚಾಗಿ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ 1994ರ ಲೈವ್ ಆವೃತ್ತಿ. ಅದರಲ್ಲೂ ಶುರುವಿನ ಗಿಟಾರು, ಆಮೇಲೆ ಡ್ರಮ್ಮಿನ ಆ ನಾಲ್ಕು ಪೆಟ್ಟು, ಅಷ್ಟೇ. ಗಾಯಕ ಬಾಯಿ ತೆರೆಯುವ ಮೊದಲೇ ಹೆಡ್‌ಫೋನ್ ತೆಗೆದು ಮುಂದಿನದಕ್ಕೆ ಕೈ ಹಾಕುತ್ತಾರೆ.

ಎರಡನೆಯ ಕೂಟದಲ್ಲಿ ನಾನು ಫೋನಿನಲ್ಲಿದ್ದ ಒಂದು ವಚನ ಗಾಯನ ಹಾಕಲು ಹೋದೆ. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಹುಡುಗ ಬಹಳ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಬ್ರೋ, ನಮ್ಮ ರೆಕಾರ್ಡಿಂಗ್‌ಗಳು ಈ ಲೆವೆಲ್‌ಗೆ ಇಲ್ಲ. ಹೆಡ್‌ಫೋನ್‌ಗೆ ಅನ್ಯಾಯ ಆಗುತ್ತೆ.”

ಹೆಡ್‌ಫೋನ್‌ಗೆ ಅನ್ಯಾಯ! ನನ್ನ ಜಗಳ ಇರುವುದು ಈ ಮಾತಿನ ಜೊತೆ. ಈಗ ಧಾರವಾಡದಲ್ಲಿ ನಾವು ಐದಾರು ಮಂದಿ ಸೇರಿ ಇಂಥದ್ದೊಂದು ಕೂಟ ಶುರುಮಾಡಲು ಹೊರಟಿದ್ದೇವೆ. ಹುಬ್ಬಳ್ಳಿ, ಗದಗ, ಬೆಳಗಾವಿಯಿಂದಲೂ ಬರುವವರಿದ್ದಾರೆ. ಬೆಂಗಳೂರಿನ ಮಾದರಿಯನ್ನೇ ಇಲ್ಲಿ ತಂದಿಳಿಸೋಣ ಎನ್ನುವವರು ನಮ್ಮಲ್ಲಿ ಇಬ್ಬರಿದ್ದಾರೆ. ಬೇಡ ಎನ್ನುವ ಪಕ್ಷ ನನ್ನದು.

ಕೆಟ್ಟ ಧ್ವನಿಮುದ್ರಣಕ್ಕೆ ಒಳ್ಳೆಯ ಹೆಡ್‌ಫೋನ್ ದಂಡ ಎಂಬ ನಂಬಿಕೆ ತಲೆಕೆಳಗಾದದ್ದು. ಸ್ಟುಡಿಯೋದಲ್ಲಿ ನೂರು ಸಲ ತಿದ್ದಿದ ಹಾಡು ಯಾವುದರಲ್ಲಿ ಹಾಕಿದರೂ ಚೆನ್ನಾಗಿಯೇ ಕೇಳಿಸುತ್ತದೆ. ಅದನ್ನು ಹಾಗೆ ಕೇಳಿಸಲೆಂದೇ ಮಾಡಿರುತ್ತಾರೆ. ಸವೆದ ತಟ್ಟೆಯಿಂದ ಎತ್ತಿಕೊಂಡದ್ದು, ಯಾರೋ ಮೆಹಫಿಲ್ಲಿನ ಮೂಲೆಯಲ್ಲಿ ಕೂತು ಟೇಪ್ ಮಾಡಿಕೊಂಡದ್ದು, ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡದ್ದು ಇವುಗಳಲ್ಲಿ ಮಾಹಿತಿ ಕಡಿಮೆ, ಗದ್ದಲ ಜಾಸ್ತಿ. ಉಳಿದಿರುವ ಚೂರುಪಾರನ್ನು ಗದ್ದಲದಿಂದ ಬಿಡಿಸಿ ಕೊಡುವ ಉಪಕರಣ ಬೇಕಾಗಿರುವುದು ಇಂಥವಕ್ಕೇ. ಮಸುಕಾದ ಹಸ್ತಪ್ರತಿ ಓದುವವನಿಗೆ ತಾನೇ ಭೂತಗನ್ನಡಿ ಬೇಕಾಗುವುದು?

ಉದಾಹರಣೆಗೆ ದೂರ ಹೋಗಬೇಕಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಎಚ್‌ಎಂವಿ ತಟ್ಟೆಗಳು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದವು. ಆಗ ಅವರದು ತೆಳುವಾದ, ಎತ್ತರದ ಶ್ರುತಿಯ ಹೆಣ್ಣುದನಿ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ತಗ್ಗಿ, ನಾವೆಲ್ಲ ಬಲ್ಲ ಆ ಗಂಭೀರ ಕಂಠವಾಯಿತು. ಒಂದು ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಆ ಮೂರು ನಿಮಿಷ ಕೇಳಿ, ಆಮೇಲೆ ಅವರ ದೊಡ್ಡ ವಯಸ್ಸಿನ ಗಾಯನ ಕೇಳಿ. ಧ್ವನಿ ಬದಲಾದರೂ ಬದಲಾಗದೆ ಉಳಿದದ್ದು ಏನು ಎಂದು ಹುಡುಕುವುದು ಒಂದು ಸಂಜೆಗೆ ಸಾಕಾಗುವ ಕೆಲಸ. ಬೇಸ್ ತುಂಬಿಸಿದ ಅಗ್ಗದ ಇಯರ್‌ಫೋನಿನಲ್ಲಿ ಈ ಹುಡುಕಾಟ ಆಗುವುದಿಲ್ಲ. ಎರಡೂ ಧ್ವನಿಗಳಿಗೆ ಅದು ಒಂದೇ ಕಂಬಳಿ ಹೊದಿಸುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಹಳೆಯ ಧ್ವನಿಮುದ್ರಣಗಳನ್ನು ‘ಸ್ವಚ್ಛ’ ಮಾಡಿ ಹಂಚುವ ಚಟ ಈಗ ಜೋರಾಗಿದೆ. ಸಾಫ್ಟ್‌ವೇರಿಗೆ ಕೊಟ್ಟರೆ ಐದು ನಿಮಿಷದಲ್ಲಿ ಸುಯ್ ಎನ್ನುವ ಸದ್ದು ಮಾಯ. ಆದರೆ ಸಾಫ್ಟ್‌ವೇರಿಗೆ ಎಲ್ಲ ಕಡೆ ಒಂದೇ ಸಮ ಹರಡಿಕೊಂಡಿರುವ ಸಣ್ಣ ಸದ್ದೆಲ್ಲ ಕಸ. ತಂಬೂರಿ ಇರುವುದೇ ಹಾಗೆ. ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಸಿಕ್ಕಿಸುವ ಆ ನೂಲಿನೆಳೆಯಿಂದ ಏಳುವ ಝೇಂಕಾರದಲ್ಲಿ ಮೇಲುಮೇಲಿನ ಸ್ವರಗಳು ತೆಳುವಾಗಿ, ಎಡೆಬಿಡದೆ ಹಾಸಿಕೊಂಡಿರುತ್ತವೆ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ತಟ್ಟೆ ಕೂಡಿಡುವವರು. ಅವರಿಗೆ ಒಂದೇ ಬೈಠಕ್ಕಿನ ಎರಡು ಪ್ರತಿಗಳನ್ನು, ಸ್ವಚ್ಛ ಮಾಡಿದ್ದು ಮತ್ತು ಮಾಡದ್ದು, ಗೆಳೆಯನ ಹೆಡ್‌ಫೋನಿನಲ್ಲಿ ಕೇಳಿಸಿದೆ. ಎಪ್ಪತ್ತು ದಾಟಿದ ಕಿವಿ. ಎರಡೇ ನಿಮಿಷಕ್ಕೆ ಹೆಡ್‌ಫೋನ್ ಸರಿಸಿ, “ತಮ್ಮಾ, ಕಸಾ ಹೊಡ್ಯಾಕ ಹೋಗಿ ತಂಬೂರಿನೂ ಹೊರಗ ಹಾಕ್ಯಾರಲ್ಲೋ!” ಅಂದರು. ನಿಜವೇ. ಸ್ವಚ್ಛವಾದ ಪ್ರತಿಯಲ್ಲಿ ಗಾಯಕ ಆಧಾರವಿಲ್ಲದೆ ಗಾಳಿಯಲ್ಲಿ ಹಾಡುತ್ತಿದ್ದ. ಸಕಾರ ಬಂದಲ್ಲೆಲ್ಲ ಬಾಯೊಳಗೆ ನೀರು ತುಂಬಿಕೊಂಡಂತೆ ಕೇಳುತ್ತಿತ್ತು. ಆದರೆ ಎಲ್ಲರ ಫೋನಿನಲ್ಲಿ ಓಡಾಡುತ್ತಿರುವುದು ಆ ಪ್ರತಿಯೇ. ಇನ್ನು ಇಪ್ಪತ್ತು ವರ್ಷಕ್ಕೆ ಇನ್ನೊಂದು ಪ್ರತಿ ಇತ್ತೆಂಬ ನೆನಪೂ ಉಳಿಯಲಿಕ್ಕಿಲ್ಲ. ಹೋದದ್ದು ಹೋಯಿತೆಂದು ಹೇಳಲಿಕ್ಕಾದರೂ ಕೇಳಿದವರು ಬೇಕಲ್ಲ.

“ಹವ್ಯಾಸಕ್ಕೂ ಭಾಷಾಭಿಮಾನ ತಂದು ಅಂಟಿಸ್ತೀಯಲ್ಲ” ಎಂದು ಎದುರು ಪಕ್ಷದ ಗೆಳೆಯ ಹೇಳುತ್ತಾನೆ. ಅಭಿಮಾನದ ಮಾತಲ್ಲ ಇದು. ಉಪಕರಣವನ್ನು ಅಳೆಯಬೇಕಾದರೆ ನಮಗೆ ಚೆನ್ನಾಗಿ ಗೊತ್ತಿರುವ ಧ್ವನಿಯಿಂದಲೇ ಅಳೆಯಬೇಕು. ನಾವು ಹುಟ್ಟಿದಾಗಿನಿಂದ ಕೇಳಿರುವುದು ಮನುಷ್ಯರ ಕನ್ನಡದ ಮಾತು. ‘ಹಲ್ಲಿ’ಗೂ ‘ಹಳ್ಳಿ’ಗೂ ಇರುವ ಅಂತರ ನೋಡಿ. ಳಕಾರಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿಕೊಂಡಾಗ, ಧ್ವನಿಶಾಸ್ತ್ರದವರು ಮೂರನೆಯ ಫಾರ್ಮಂಟ್ ಎನ್ನುವ ಅನುರಣನ ಕೆಳಕ್ಕೆ ಇಳಿಯುತ್ತದೆ. ಈ ಏರಿಳಿತ ನಡೆಯುವುದು ಸುಮಾರು 2000ದಿಂದ 3000 ಹರ್ಟ್ಸ್ ಆಸುಪಾಸಿನಲ್ಲಿ, ಮನುಷ್ಯನ ಕಿವಿ ತುಂಬ ಚುರುಕಾಗಿರುವ ಜಾಗದಲ್ಲಿ. ಸಕಾರದ ಸೀಳು ಹೆಚ್ಚಿನಂಶ 4000ದ ಮೇಲಿದೆ. ಹಳೆಯ ಟೆಲಿಫೋನ್ 3400ಕ್ಕೇ ನಿಂತುಬಿಡುತ್ತಿದ್ದುದರಿಂದ ಹೆಸರಿನ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿತ್ತು. ಒಂದು ಹೆಡ್‌ಫೋನಿನಲ್ಲಿ ಲ, ಳ ಬೇರೆಬೇರೆಯಾಗಿ ಕೇಳಿಸಿ, ಸಕಾರ ಕಿವಿಗೆ ಚುಚ್ಚದಿದ್ದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಅಮೆರಿಕದ ಡ್ರಮ್ಮು ನಿಜದಲ್ಲಿ ಹೇಗೆ ಕೇಳುತ್ತದೆಂದು ನಮ್ಮ ಗೆಳೆಯನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಸಭಾಂಗಣದಲ್ಲಿ ನಾವ್ಯಾರೂ ಕೂತಿರಲಿಲ್ಲ.

ಇನ್ನು ಅಂಗಡಿಯವರ ವಿಷಯ. ನಾನು ಕಂಡ ಮೂರು ಕೂಟಗಳಲ್ಲೂ ಒಬ್ಬ ಮಾರಾಟಗಾರನ ಮೇಜು ಇತ್ತು. ಕಾಫಿಯ ಖರ್ಚು ಅವರದು, ಆದ್ದರಿಂದ ಒಳ್ಳೆಯ ಕುರ್ಚಿಯೂ ಅವರದು. ಎರಡು ಉಪಕರಣಗಳನ್ನು ಹೋಲಿಸುವಾಗ ಒಂದರ ಸದ್ದು ಒಂದೆರಡು ಡೆಸಿಬೆಲ್ ಹೆಚ್ಚಾಗಿದ್ದರೆ ಸಾಕು, ನಮಗೆ ಅದು ‘ಜೋರಾಗಿದೆ’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಇದು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದು ಹೆಡ್‌ಫೋನ್ ಬೇಗ ಜೋರಾಗುತ್ತದೆ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮ್‌ನದ್ದಕ್ಕೆ ಫೋನಿನಲ್ಲಿ ಉಸಿರೇ ಸಾಲದು, ಆಂಪ್ಲಿಫೈಯರ್ ಬೇಕು. ಗುಂಡಿಯನ್ನು ಇದ್ದಲ್ಲೇ ಬಿಟ್ಟು ಒಂದನ್ನು ತೆಗೆದು ಇನ್ನೊಂದನ್ನು ಹಾಕಿಕೊಂಡರೆ ಗೆಲ್ಲುವುದು ಯಾವುದು ಎಂದು ಮೊದಲೇ ಹೇಳಬಹುದು. ಆದರೂ ಮೂರು ಕೂಟಗಳಲ್ಲಿ ಒಂದರಲ್ಲೂ ಸದ್ದನ್ನು ಅಳೆದು ಸರಿದೂಗಿಸಿದ್ದನ್ನು ನಾನು ಕಾಣಲಿಲ್ಲ.

ಬೆಲೆಯ ಭ್ರಮೆಯೂ ಹೀಗೆಯೇ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಅಳತೆಗೆ ಹಚ್ಚಿದರು. ಯಾವ ಸ್ವರಮಟ್ಟವನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಲೆಕ್ಕಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲವೆಂದು ಬರೆದರು. ಬಾಳಿಕೆ, ಹಗುರ, ಕಿವಿಗೆ ಹಿತವಾದ ಮೆತ್ತೆ ಇವಕ್ಕೆ ದುಡ್ಡು ಕೊಡಬೇಕಾಗಬಹುದು, ಕೊಡಲಿ. ಆದರೆ “ಇನ್ನೊಂದು ಮೆಟ್ಟಿಲು ಹತ್ತಿದರೆ ಸ್ವರ್ಗ” ಎಂದು ಹಾಸ್ಟೆಲಿನ ಹುಡುಗರಿಗೆ ಕಂತಿನಲ್ಲಿ ಹೆಡ್‌ಫೋನ್ ದಾಟಿಸುವುದನ್ನು ಸಂಗೀತಪ್ರೇಮ ಎಂದು ಕರೆಯಲಾರೆ. ಅಂಗಡಿಯವರು ಬರದಿದ್ದರೆ ಲಕ್ಷಗಟ್ಟಲೆಯ ಉಪಕರಣ ನೋಡಲು ಸಿಗುವುದಿಲ್ಲ ಎನ್ನುವುದು ನಿಜ. ನನಗೂ ಬೆಂಗಳೂರಿನಲ್ಲಿ ಅಂಥದ್ದನ್ನು ಕಿವಿಗೆ ಹಾಕಿಕೊಳ್ಳಲು ಸಿಕ್ಕಿದ್ದು ಅವರಿಂದಲೇ. ಅದಕ್ಕೆ ಬೇಕಾದರೆ ಪ್ರದರ್ಶನ ಅಂತ ಹೆಸರಿಟ್ಟು ಬೇರೆ ದಿನ ಮಾಡಲಿ.

ಇಷ್ಟಾದರೂ ಹೆಡ್‌ಫೋನಿನವರನ್ನು ಬೈದು ಸಾಹಿತ್ಯದವರನ್ನು ಬಿಟ್ಟರೆ ಪಕ್ಷಪಾತವಾದೀತು. ಈ ಕೂಟದ ಸುದ್ದಿ ಹೇಳಿದಾಗ ನಮ್ಮ ವಿಭಾಗದ ಹಿರಿಯರೊಬ್ಬರು “ಉಳ್ಳವರ ಚಟ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅದೇ ವಾರದ ವಿಚಾರಸಂಕಿರಣದಲ್ಲಿ ಅವರ ವಿಷಯ ಮೌಖಿಕ ಪರಂಪರೆ. ಮೈಕಿಗೆ ಎಕೋ ಹಾಕಿದ್ದರು. ‘ಜನಪದರ ಧ್ವನಿ’ ಎಂಬುದು ಧ್ವನಿ-ನಿ-ನಿ ಎಂದು ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು. ಎರಡು ಗಂಟೆ ನಡೆದ ಕಾರ್ಯಕ್ರಮದಲ್ಲಿ ಎದ್ದು ಆ ಗುಂಡಿ ಆರಿಸಿ ಎಂದವರು ಯಾರೂ ಇಲ್ಲ. ಕನ್ನಡ ನಾದದ ಭಾಷೆ, ಕಾವ್ಯ ಕಿವಿಗೆ ಸೇರಿದ್ದು ಎಂದು ನಾವು ದಿನವೂ ಬರೆಯುತ್ತೇವೆ. ಬೇಂದ್ರೆಯವರು ಇದೇ ಊರಿನ ಆಕಾಶವಾಣಿಯಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದವರು. ಅವರದೇ ಕವಿತಾವಾಚನವನ್ನು ನಾವು ಕೇಳುವುದು ಮಾತ್ರ ಹತ್ತು ಕೈ ದಾಟಿ ಸವೆದ ಎಂಪಿ3ಯಲ್ಲಿ, ಫೋನಿನ ಅಂಗುಲದ ಸ್ಪೀಕರಿನಲ್ಲಿ, ಬಸ್ಸಿನಲ್ಲಿ. ಮುದ್ರಣದಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಪತ್ರ ಬರೆಯುವ ನಾವು, ಅದೇ ಕವಿ ಓದುವಾಗ ಎಲ್ಲಿ ಉಸಿರು ತೆಗೆದುಕೊಂಡರೆಂದು ಕೇಳಿಸದಿದ್ದರೆ ಏನೂ ಆಗಿಲ್ಲವೆಂಬಂತೆ ಇರುತ್ತೇವೆ. ಉಳ್ಳವರ ಚಟ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಊರಿನಲ್ಲಿ ಗ್ರಂಥಾಲಯ ಇರುವುದು ಪುಸ್ತಕ ಕೊಳ್ಳಲಾಗದವರಿಗಾಗಿ. ಹಾಗೆಯೇ ಕೊಳ್ಳಲಾಗದ ಹೆಡ್‌ಫೋನನ್ನು ಒಂದು ಮಧ್ಯಾಹ್ನ ಕೇಳಲು ಸಿಗಬೇಕೆಂದೇ ಕೂಟ. ಉಳ್ಳವರಿಗೆ ಮನೆಯಲ್ಲೇ ಇದೆ, ಅವರು ಬರಬೇಕಾದ್ದು ತಂದು ಮೇಜಿನ ಮೇಲಿಡಲಿಕ್ಕೆ.

ಹಾಗಾದರೆ ಹೇಗೆ ಮಾಡುವುದು? ಮೊದಲನೆಯದಾಗಿ ಕೆಫೆ ಬೇಡ. ಹಿಂಬದಿ ತೆರೆದಿರುವ ಹೆಡ್‌ಫೋನ್‌ಗಳಲ್ಲಿ ಹೊರಗಿನ ಸದ್ದು ಸಲೀಸಾಗಿ ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ಮಿಕ್ಸಿಯ ಪಕ್ಕ ಕೂತು ಅದನ್ನು ಪರೀಕ್ಷಿಸುವುದು ಸಂತೆಯಲ್ಲಿ ಪಿಸುಮಾತು ಆಡಿದ ಹಾಗೆ. ನಮಗೆ ಒಂದು ಶಾಲೆಯ ಕೋಣೆ ಸಿಕ್ಕಿದೆ. ಚಳಿಗಾಲವಾದ್ದರಿಂದ ಫ್ಯಾನೂ ಬೇಕಿಲ್ಲ. ಹನ್ನೆರಡು ಜನ, ಆರು ಹೆಡ್‌ಫೋನ್, ಒಬ್ಬೊಬ್ಬರಿಗೆ ಒಂದು ಸಲಕ್ಕೆ ಹದಿನೈದು ನಿಮಿಷ. ಬರುವವರು ತಮ್ಮ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಒಂದು ಧ್ವನಿಯನ್ನು ತರಬೇಕು. ಹಾಡಾಗಬಹುದು, ಹರಿಕಥೆಯಾಗಬಹುದು, ಅಜ್ಜಿಯ ಮಾತನ್ನು ಫೋನಿನಲ್ಲಿ ಹಿಡಿದಿಟ್ಟದ್ದೂ ಆಗಬಹುದು. ಇಂಗ್ಲಿಷ್ ಹಾಡು ತರುವವರಿಗೂ ಅಡ್ಡಿಯಿಲ್ಲ, ಆದರೆ ಪೂರ್ತಿ ಕೇಳಬೇಕು. ಕೇಳುವಾಗ ಬೆಲೆ ಹೇಳಕೂಡದು. ಸದ್ದನ್ನು ಅಳತೆ ಮಾಡಿ ಸರಿದೂಗಿಸಿದ ಮೇಲೆಯೇ ಹೋಲಿಕೆ.

ಕಣ್ಣುಕಟ್ಟಿ ಕೇಳಿಸುವ ಪರೀಕ್ಷೆ ಹೆಡ್‌ಫೋನಿಗೆ ಕಷ್ಟ. ತೂಕ ಮತ್ತು ಮೆತ್ತೆ ಗುಟ್ಟು ಬಿಟ್ಟುಕೊಡುತ್ತವೆ. ಆದರೆ ತಂತಿ, ಡ್ಯಾಕ್, ಎಂಪಿ3 ಇವುಗಳಿಗೆ ಮಾಡಬಹುದು. ಒಬ್ಬರು ಹಿಂದೆ ನಿಂತು ಬದಲಿಸಲಿ, ಕೂತವರು ಹತ್ತು ಸಲ ಹೇಳಲಿ. ದುಬಾರಿ ತಂತಿಯ ಗೆಳೆಯ ಈ ಮಾತು ಬಂದಾಗಲೆಲ್ಲ ಚಹಾ ತರಲು ಏಳುತ್ತಾನೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ತಲೆಮಾರುಗಳಿಂದ ಸಂಗೀತ ಕಲಿಸುತ್ತ ಬಂದ ಸೀಮೆ ನಮ್ಮದು. ಕಿವಿಯನ್ನೇ ನಂಬಿ ಬದುಕಿದ ಹಾಡುಗಾರರೊಬ್ಬರನ್ನು ಮೊದಲ ಕೂಟಕ್ಕೆ ಕರೆದು, ಯಾವ ಹೆಡ್‌ಫೋನಿನಲ್ಲಿ ಮನುಷ್ಯ ಎದುರಿಗೆ ಕೂತು ಹಾಡಿದಂತಿದೆ ಎಂದು ಕೇಳಬೇಕೆಂಬ ಆಸೆ ನನಗಿದೆ. ಅದಕ್ಕೆ ಎದುರು ಪಕ್ಷದವರೂ ಒಪ್ಪಿದ್ದಾರೆ.

ಸಣ್ಣಪುಟ್ಟ ಕೆಲಸಗಳಲ್ಲಿ ಜಗಳವಿಲ್ಲ. ಐಇಎಂಗಳ ರಬ್ಬರು ತುದಿ ಅವರವರದೇ, ಇಲ್ಲವಾದರೆ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯ ಮಿತಿ ಎಂದು ಕರಿಹಲಗೆಯ ಮೇಲೆ ಬರೆದಿಡುತ್ತೇವೆ. ಸಂಶೋಧನಾ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಬುಧವಾರಕ್ಕೇ ಮುಗಿಸಿರುತ್ತಾರೆ.

ಮೊನ್ನೆ ಹುಬ್ಬಳ್ಳಿಯ ಅಂಗಡಿಯವರೊಬ್ಬರು ಫೋನ್ ಮಾಡಿದ್ದರು. ಊಟದ ಖರ್ಚು ತಮ್ಮದು, ಒಂದು ಮೇಜು, ಒಂದು ಬ್ಯಾನರ್ ಸಾಕು ಎಂದರು. ನಮ್ಮಲ್ಲಿ ಇಬ್ಬರು ಆಗಲೇ ಊಟದ ಲೆಕ್ಕ ಹಾಕತೊಡಗಿದ್ದರು. ನಾನು ಹೇಳಿದ್ದು: “ಬರ್ರಿ ಸರ್, ಎಲ್ಲಾರೂ ತಂದಂಗ ಒಂದ ಹೆಡ್‌ಫೋನ್ ತರ್ರಿ. ಬ್ಯಾನರ್ ಬ್ಯಾಡ. ನಿಮಗ ಭಾಳ ಸೇರೋ ಹಾಡು ಯಾವ್ದದ, ಅದನ್ನ ತರೂದು ಮರೀಬ್ಯಾಡ್ರಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಚಾರ ಮಾಡಿ ಹೇಳ್ತೀನಿ ಅಂದಿದ್ದಾರೆ.