ಹಣ ಯಾರದು, ಬೀಗದ ಕೈ ಯಾರದು?

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಹುಟ್ಟಿದ 'ಸ್ಟಿಫ್ ಲಿಟಲ್ ಫಿಂಗರ್ಸ್' ಎಂಬ ವಾದ್ಯತಂಡವು 2014ರಲ್ಲಿ 'ನೋ ಗೋಯಿಂಗ್ ಬ್ಯಾಕ್' ಎಂಬ ರಿಕಾರ್ಡನ್ನು ಹೊರತಂದಿತು. ಅದರ ಹಿಂದಿನ ರಿಕಾರ್ಡು ಬಂದದ್ದು 2003ರಲ್ಲಿ. ಹನ್ನೊಂದು ವರ್ಷ ಹೊಸ ರಿಕಾರ್ಡಿಲ್ಲದೆ ಇದ್ದ ಹಾಡುಗಾರರು, ಐವತ್ತು ದಾಟಿದ ಮೇಲೆ, ಮತ್ತೆ ಹೊಸ ಹಾಡು ಕಟ್ಟಿದರು. ಗಿರಣಿಯ ಭೋಂಗಾ ಕೇಳಿ ಏಳುವವರಿಗೂ, ಬೆಳಗಾದರೆ ಅಂಗಡಿಯ ಬಾಗಿಲು ತೆಗೆಯುವವರಿಗೂ ಇದರಿಂದ ಆಗಬೇಕಾದದ್ದೇನು, ಸಂಪಾದಕೀಯಕ್ಕೆ ಬೇರೆ ವಿಷಯವೇ ಸಿಗಲಿಲ್ಲವೆ ಎಂದು ನಮ್ಮ ಓದುಗರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಆದರೆ ಆ ರಿಕಾರ್ಡಿಗೆ ಬಂಡವಾಳ ಹಾಕಿದವರು ಯಾರು, ಆ ಬಂಡವಾಳ ಕೂಡಿಸಿಕೊಟ್ಟ ಕಂಪನಿಯ ಗತಿ ಮುಂದೆ ಏನಾಯಿತು ಎಂಬುದನ್ನು ನೋಡಿದರೆ, ಇದು ನಮ್ಮ ಬೀದಿಯ ವಿಷಯವೇ ಹೌದೆಂಬುದು ತಿಳಿಯುತ್ತದೆ.

ಈ ತಂಡದವರದು 'ಪಂಕ್' ಎಂಬ ಪಂಥ. ನಮ್ಮ ಭಾಷೆಯ ಪಂಕಕ್ಕೂ ಈ ಶಬ್ದಕ್ಕೂ ನಂಟಿಲ್ಲ. ಇಂಗ್ಲಿಷಿನಲ್ಲಿ ಅದು ಪುಂಡ, ಕೆಲಸಕ್ಕೆ ಬಾರದವನು ಎಂಬ ಬೈಗುಳ. 1976-77ರ ಸುಮಾರಿನಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗ ಬೆಳೆಯುತ್ತಿದ್ದಾಗ, ಸಂಗೀತಶಾಲೆಯ ಮುಖ ನೋಡದ ಹುಡುಗರು ಅಗ್ಗದ ಗಿಟಾರು ಹಿಡಿದು, ಮೂರೇ ಸ್ವರಮೇಳ ಕಲಿತು, ಎರಡು ಮೂರು ನಿಮಿಷದ ಹಾಡುಗಳನ್ನು ಕಿರಿಚತೊಡಗಿದರು. ಬೈಗುಳವೇ ಅವರ ಹೆಸರಾಗಿ ನಿಂತಿತು. ಅವರು ಹಾಡಿದ್ದೆಲ್ಲ ಸಂಗೀತವೆಂದು ನಾವು ವಾದಿಸಹೊರಟಿಲ್ಲ. ಹಾಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಅವರು ತೋರಿಸಿಕೊಟ್ಟರು. ನಮಗೆ ಮುಖ್ಯವಾದುದು ಅಷ್ಟೇ.

ಬೆಲ್‌ಫಾಸ್ಟ್ ದೂರದ ಊರಾದರೂ ಅಲ್ಲಿನ ಬಾಳು ನಮಗೆ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಗಸೆನಾರಿನ ಬಟ್ಟೆಯ ಗಿರಣಿಗಳ ಊರು. ಹೆಂಗಸರೂ ಮಕ್ಕಳೂ ಗಿರಣಿಗೆ, ಗಂಡಸರು ಹಡಗುಕಟ್ಟೆಗೆ. ಟೈಟಾನಿಕ್ ಎಂಬ ದೊಡ್ಡ ಹಡಗು 1911ರಲ್ಲಿ ನೀರಿಗಿಳಿದದ್ದು ಅಲ್ಲಿಂದಲೇ. ದುಡಿಯುವವರು ಪ್ರಾಟೆಸ್ಟಂಟರ ಕೇರಿ, ಕ್ಯಾಥಲಿಕರ ಕೇರಿ ಎಂದು ಎರಡಾಗಿ ಒಡೆದಿದ್ದರು. 1932ರ ಅಕ್ಟೋಬರಿನಲ್ಲಿ ಮಾತ್ರ ಒಂದು ಅಪೂರ್ವ ಸಂಗತಿ ನಡೆಯಿತು. ನಿರುದ್ಯೋಗಿಗಳಿಗೆ ಕೊಡುತ್ತಿದ್ದ ಅರೆಹೊಟ್ಟೆಯ ಪರಿಹಾರದ ವಿರುದ್ಧ ಎರಡು ಕೇರಿಗಳ ಜನರೂ ಒಟ್ಟಿಗೆ ಬೀದಿಗಿಳಿದರು. ಪೋಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಪರಿಹಾರದ ಮೊತ್ತ ಏರಿತು. ಆದರೆ ಆ ಒಗ್ಗಟ್ಟು ಬಾಳಲಿಲ್ಲ. 1960ರ ದಶಕದ ಕೊನೆಯಿಂದ 1998ರ ಒಪ್ಪಂದದ ವರೆಗೆ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಕೇರಿ ಕೇರಿಗಳ ನಡುವೆ ಗೋಡೆಗಳೆದ್ದವು. ಸಂಜೆಯಾದರೆ ಊರ ನಡುವಿನ ಪೇಟೆ ಬಿಕೋ ಎನ್ನುತ್ತಿತ್ತು. 1975ರ ಜುಲೈಯಲ್ಲಿ ಕಛೇರಿ ಮುಗಿಸಿ ಮರಳುತ್ತಿದ್ದ 'ಮಯಾಮಿ ಷೋಬ್ಯಾಂಡ್' ತಂಡದ ಮೂವರನ್ನು ದಾರಿಯಲ್ಲಿ ಅಡ್ಡಗಟ್ಟಿ ಕೊಂದ ಮೇಲಂತೂ ಹೊರಗಿನ ಹಾಡುಗಾರರು ಆ ಕಡೆ ತಲೆಹಾಕಲು ಹೆದರಿದರು.

ಅಂಥ ಊರಿನಲ್ಲಿ 1977ರಲ್ಲಿ ಈ ತಂಡ ಹುಟ್ಟಿತು. ಗಾಯಕ ಜೇಕ್ ಬರ್ನ್ಸ್ ಆಗಿನ್ನೂ ಇಪ್ಪತ್ತರ ಒಳಗಿನ ಹುಡುಗ. ಮೊದಲು ಇವರು ಬೇರೆಯವರ ಹಾಡುಗಳನ್ನೇ ಹಾಡುತ್ತಿದ್ದರು. ಗಾರ್ಡನ್ ಓಗಿಲ್ವಿ ಎಂಬ ಪತ್ರಕರ್ತ ಇವರಿಗೆ ಹೇಳಿದ್ದು ಇಷ್ಟೇ: ನಿಮ್ಮ ಬೀದಿಯಲ್ಲಿ ನಡೆಯುತ್ತಿರುವುದನ್ನು ಹಾಡಿ. ಸೈನಿಕರ ತಪಾಸಣೆ, ಎರಡೂ ಕಡೆಯ ಬಂದೂಕಿನವರ ದಬ್ಬಾಳಿಕೆ, ಕೆಲಸವಿಲ್ಲದ ದಿನಗಳ ಬೇಸರ ಇವೆಲ್ಲ ಹಾಡುಗಳಾದವು. ಊರಿನ ಸಂಕಟವನ್ನು ಮಾರಿಕೊಳ್ಳುತ್ತಿದ್ದಾರೆಂದು ಬೆಲ್‌ಫಾಸ್ಟಿನಲ್ಲಿಯೇ ಕೆಲವರು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ಎರಡು ಕೇರಿಗಳ ಹುಡುಗರು ಯಾರ ಭಯವೂ ಇಲ್ಲದೆ ಒಂದೇ ಸೂರಿನಡಿ ನಿಂತು ಕುಣಿದ ಜಾಗಗಳು ಆ ಊರಿನಲ್ಲಿ ತೀರ ವಿರಳ. ಪಂಕ್ ಹಾಡಿನ ಕೋಣೆ ಅಂಥ ಒಂದು ಜಾಗವಾಗಿತ್ತು ಎಂಬುದನ್ನೂ ಹೇಳಬೇಕು.

ಈಗ ವ್ಯಾಪಾರದ ಮಾತಿಗೆ ಬರೋಣ. 1978ರಲ್ಲಿ ಇವರು ತಮ್ಮದೇ ಸಣ್ಣ ಕಂಪನಿ ಮಾಡಿಕೊಂಡು ಮೊದಲ ರಿಕಾರ್ಡು ಒತ್ತಿಸಿದರು. ಬಿ.ಬಿ.ಸಿ. ರೇಡಿಯೋದ ಜಾನ್ ಪೀಲ್ ಅದನ್ನು ಮತ್ತೆ ಮತ್ತೆ ಕೇಳಿಸಿದರು. ಲಂಡನ್ನಿನ ದೊಡ್ಡ ಕಂಪನಿಯೊಂದು ಇವರನ್ನು ಕರೆಸಿಕೊಂಡು, ಮಾತು ಕೊಟ್ಟು, ಆಮೇಲೆ ಮಾತಿಗೆ ತಪ್ಪಿತು. ಆಗ ಕೈಹಿಡಿದದ್ದು 'ರಫ್ ಟ್ರೇಡ್' ಎಂಬ ಅಂಗಡಿ. ಹೌದು, ಅದೊಂದು ಅಂಗಡಿ. 1976ರಲ್ಲಿ ಲಂಡನ್ನಿನ ಪಶ್ಚಿಮ ಭಾಗದಲ್ಲಿ ತೆರೆದ ರಿಕಾರ್ಡು ಅಂಗಡಿ. ಅಲ್ಲಿ ದುಡಿಯುವವರೇ ಕೂಡಿ ಅದನ್ನು ಸಹಕಾರಿ ರೀತಿಯಲ್ಲಿ ನಡೆಸುತ್ತಿದ್ದರು. ಖರ್ಚು ಕಳೆದು ಉಳಿದ ಲಾಭದಲ್ಲಿ ಅರ್ಧ ಹಾಡುಗಾರರಿಗೆ, ಅರ್ಧ ಅಂಗಡಿಗೆ ಎಂಬುದು ಅದರ ಕರಾರು. ಈ ತಂಡದ 'ಇನ್‌ಫ್ಲೇಮಬಲ್ ಮೆಟೀರಿಯಲ್' ಅಂಗಡಿ ಹೊರತಂದ ಮೊತ್ತಮೊದಲ ದೊಡ್ಡ ರಿಕಾರ್ಡು. 1979ರಲ್ಲಿ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೇರಿತು. ದೊಡ್ಡ ಬಂಡವಾಳಗಾರರ ನೆರವಿಲ್ಲದೆ ಒಂದು ಅಂಗಡಿಯವರು ಇಷ್ಟು ಮಾಡಿ ತೋರಿಸಿದ್ದನ್ನು ಕಂಡು ದೇಶದ ಇತರ ಊರುಗಳ ಸಣ್ಣ ಅಂಗಡಿಯವರಿಗೂ ಧೈರ್ಯ ಬಂತು. ಮುಂದೆ 1980ರ ದಶಕದಲ್ಲಿ ಲಿವರ್‌ಪೂಲ್, ಬ್ರಿಸ್ಟಲ್, ಯಾರ್ಕ್ ಮುಂತಾದ ಊರುಗಳ ಅಂಗಡಿಗಳು ಸೇರಿ ತಮ್ಮದೇ ವಿತರಣೆಯ ಕೂಟ ಕಟ್ಟಿದವು.

ಮೊದಲ ರಿಕಾರ್ಡಿನ ಗೆಲುವಿನ ನಂತರ ತಂಡ ದೊಡ್ಡ ಕಂಪನಿಗೆ ಹೋಯಿತು. 1980ರ ದಶಕದ ಮೊದಲಲ್ಲೇ ಒಡೆಯಿತು. 1987ರಲ್ಲಿ ಮತ್ತೆ ಕೂಡಿತು. ಹಳೆಯ ತಂಡಗಳು ಮತ್ತೆ ಕೂಡುವುದರಲ್ಲಿ ಎರಡು ಬಗೆಯಿದೆ. ಒಂದು ಬಗೆ, ಹಳೆಯ ಸಿಟ್ಟನ್ನೇ ಸರಕು ಮಾಡಿ ಮಾರುವುದು. ಪಂಕ್ ಪಂಥದಲ್ಲೇ ಹೆಚ್ಚು ಹೆಸರಾಗಿದ್ದ 'ಸೆಕ್ಸ್ ಪಿಸ್ಟಲ್ಸ್' 1996ರಲ್ಲಿ ಮತ್ತೆ ಕೂಡಿ ಊರೂರು ಸುತ್ತಿದಾಗ ಹಣಕ್ಕಾಗಿಯೇ ಬಂದಿದ್ದೇವೆಂದು ಬಹಿರಂಗವಾಗಿ ಹೇಳಿಕೊಂಡಿತು. ಆ ಪ್ರವಾಸಕ್ಕೇ 'ಹೊಲಸು ಲಾಭ' ಎಂಬರ್ಥದ ಹೆಸರಿಟ್ಟಿತು. ಮುಚ್ಚುಮರೆಯಿಲ್ಲದ ಮಾತು ಎಂಬುದಷ್ಟೇ ಅದರ ಗುಣ. ಇನ್ನೊಂದು ಬಗೆ, ಈಗ ಹೇಳಬೇಕಾದುದು ಏನಾದರೂ ಉಳಿದಿದ್ದರೆ ಹೇಳುವುದು.

'ನೋ ಗೋಯಿಂಗ್ ಬ್ಯಾಕ್' ಈ ಎರಡನೆಯ ಬಗೆಗೆ ಸೇರಿದ್ದು. ಬ್ಯಾಂಕುಗಳು ಮುಳುಗಿ ಸಾಮಾನ್ಯರ ಮೇಲೆ ಹೊರೆ ಬಿದ್ದದ್ದು, ಚರ್ಚಿನ ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ಅತ್ಯಾಚಾರ ಮುಚ್ಚಿಹೋದದ್ದು ಅದರ ಹಾಡುಗಳ ವಸ್ತು. ಎಲ್ಲಕ್ಕಿಂತ ಧೈರ್ಯದ ಹಾಡು ಜೇಕ್ ಬರ್ನ್ಸ್ ತನ್ನ ಮೇಲೆಯೇ ಕಟ್ಟಿಕೊಂಡದ್ದು. ತನ್ನನ್ನು ಖಿನ್ನತೆ ಹಿಡಿದಿತ್ತು, ಬಹಳ ಕಾಲ ಅದನ್ನು ಯಾರಿಗೂ ಹೇಳದೆ ಉಳಿದೆ ಎಂದು ಆತ ಒಪ್ಪಿಕೊಂಡಿದ್ದಾನೆ. ಇಪ್ಪತ್ತರ ಹರೆಯದಲ್ಲಿ ಸರಕಾರವನ್ನು ಬೈಯುವುದು ಕಷ್ಟವಲ್ಲ. ಐವತ್ತಾರರ ವಯಸ್ಸಿನಲ್ಲಿ, ಗಟ್ಟಿಗನೆಂದು ಹೆಸರಾದವನು, ನನ್ನ ಮನಸ್ಸು ಕುಸಿದಿತ್ತು ಎಂದು ಸಾವಿರಾರು ಜನರ ಮುಂದೆ ಹೇಳುವುದು ಕಷ್ಟ. ರಾತ್ರಿ ಪಾಳಿಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುವ, ಏನಾಯಿತೆಂದು ಕೇಳಿದರೆ 'ಏನಿಲ್ಲ' ಎನ್ನುವ ಎಷ್ಟು ಜನ ನಮ್ಮ ಸಾಲುಮನೆಗಳಲ್ಲಿ ಇಲ್ಲ!

ಈ ರಿಕಾರ್ಡಿಗೆ ಹಣ ಎಲ್ಲಿಂದ ಬಂತು? ಜಗತ್ತಿನ ರಿಕಾರ್ಡು ವ್ಯಾಪಾರದ ಆದಾಯ ಸುಮಾರು ಹದಿನೈದು ವರ್ಷ ಇಳಿಯುತ್ತ ಬಂದು 2014ರ ಹೊತ್ತಿಗೆ ತಳ ಮುಟ್ಟಿತ್ತು. ವಯಸ್ಸಾದ ಹಾಡುಗಾರರ ಮೇಲೆ ಬಂಡವಾಳ ಹೂಡುವವರು ಯಾರು? ತಂಡದವರು ನೇರವಾಗಿ ಕೇಳುಗರನ್ನೇ ಕೇಳಿದರು: ಈಗ ಮುಂಗಡ ಕೊಡಿ, ರಿಕಾರ್ಡು ಮುಗಿದ ಕೂಡಲೇ ನಿಮಗೆ ಕಳಿಸುತ್ತೇವೆ. ಈ ಮುಂಗಡ ಕೂಡಿಸಿಕೊಟ್ಟದ್ದು 2009ರಲ್ಲಿ ಶುರುವಾಗಿದ್ದ 'ಪ್ಲೆಡ್ಜ್ ಮ್ಯೂಸಿಕ್' ಎಂಬ ಅಂತರ್ಜಾಲದ ಕಂಪನಿ. ಬೇಕಾದ ಹಣ ಬಲು ಬೇಗ ಕೂಡಿತು. ರಿಕಾರ್ಡು ತಯಾರಾಯಿತು, ಹೊರಬಂತು. ಮೂವತ್ತೈದು ವರ್ಷಗಳ ಹಿಂದೆ ಹುಡುಗರಾಗಿ ಈ ಹಾಡುಗಳನ್ನು ಕೇಳಿದ್ದವರು ಈಗ ತಮ್ಮ ದುಡಿಮೆಯ ಪೌಂಡುಗಳನ್ನು ಕೊಟ್ಟು ಹಾಡುಗಾರರನ್ನು ನಿಲ್ಲಿಸಿಕೊಂಡರು. ಕೊಟ್ಟ ಮಾತನ್ನು ಎರಡೂ ಕಡೆಯವರು ಉಳಿಸಿಕೊಂಡರು. ಇದು ಸಂತೋಷಪಡಬೇಕಾದ ಸಂಗತಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೇಳುಗ ಒಂದು ಕಡೆ, ಹಾಡುಗಾರ ಇನ್ನೊಂದು ಕಡೆ, ನಡುವೆ ಹಣದ ಪೆಟ್ಟಿಗೆ ಹಿಡಿದು ಕೂತದ್ದು ಕಂಪನಿ. ನೂರಕ್ಕೆ 15ರಂತೆ ಅದರ ದಲ್ಲಾಳಿ. ಇತರ ಅನೇಕ ತಂಡಗಳೂ ಇದೇ ರೀತಿ ಮುಂಗಡ ಎತ್ತುತ್ತಿದ್ದವು. 2019ರ ಮೊದಲ ತಿಂಗಳುಗಳಲ್ಲಿ ಒಬ್ಬೊಬ್ಬರಾಗಿ ಹಾಡುಗಾರರು ದೂರತೊಡಗಿದರು: ನಮ್ಮ ಹೆಸರಿನಲ್ಲಿ ಕೂಡಿಸಿದ ಹಣ ನಮಗೆ ಬಂದಿಲ್ಲ. ಹಾಡುಗಾರರಿಗೆ ಸೇರಬೇಕಾದ ಹಣ ಕಂಪನಿಯ ದಿನದ ಖರ್ಚಿನ ಹಣದಿಂದ ಬೇರೆಯಾಗಿ ಉಳಿದಿರಲಿಲ್ಲವೆಂಬುದು ಆಮೇಲೆ ಬೆಳಕಿಗೆ ಬಂತು. ಅದೇ ವರ್ಷದ ಜುಲೈಯಲ್ಲಿ ಲಂಡನ್ನಿನ ನ್ಯಾಯಾಲಯದ ಆಜ್ಞೆಯಂತೆ ಕಂಪನಿ ಮುಚ್ಚಿತು. ಮುಂಗಡ ಕೊಟ್ಟ ಕೇಳುಗರೂ, ಅದನ್ನು ನಂಬಿ ಸ್ಟುಡಿಯೋದ ಸಾಲ ಮಾಡಿಕೊಂಡ ಹಾಡುಗಾರರೂ ದಿವಾಳಿ ಎದ್ದವನ ಬಾಗಿಲಲ್ಲಿ ಸಾಲಗಾರರ ಸಾಲಿನ ಕೊನೆಯಲ್ಲಿ ನಿಂತರು. ನಾವು ಮೇಲೆ ಹೇಳಿದ ತಂಡದ ರಿಕಾರ್ಡು ಐದು ವರ್ಷ ಮೊದಲೇ ಹೊರಬಿದ್ದಿತ್ತು. ಪೆಟ್ಟು ಬಿದ್ದದ್ದು ಹಿಂದಿನಿಂದ ಬಂದವರಿಗೆ.

ತಪ್ಪು ಎಲ್ಲಿ? ಜನ ನಂಬಿದ್ದು ತಪ್ಪೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಅವರು ನಂಬಿದ್ದು ಹಾಡುಗಾರರನ್ನು. ಆ ನಂಬಿಕೆ ಸರಿಯಾಗಿಯೇ ಇತ್ತು. ಆದರೆ ಹಣ ಹೋಗಿ ಬಿದ್ದದ್ದು ಮೂರನೆಯವನ ತಿಜೋರಿಗೆ. ಸಾವಿರಾರು ಜನರ ಹಣ ಒಂದೆಡೆ ಕೂಡಿದ ಮಾತ್ರಕ್ಕೆ ಅದು ಸಹಕಾರವಾಗುವುದಿಲ್ಲ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕೂ ಬೀಗದ ಕೈಯ ಮೇಲೆ ಅಧಿಕಾರವೂ ಇದ್ದಾಗ ಮಾತ್ರ ಅದು ಸಹಕಾರ.

ಇದನ್ನು ಮೊದಲು ಕಲಿಸಿಕೊಟ್ಟವರಲ್ಲಿ ಅದೇ ಬ್ರಿಟನ್ನಿನ ಗಿರಣಿಯ ಜನರೇ ಇದ್ದಾರೆ. 1844ರ ಡಿಸೆಂಬರಿನಲ್ಲಿ ರೋಚ್‌ಡೇಲ್ ಎಂಬ ನೂಲಿನ ಊರಿನಲ್ಲಿ ನೇಕಾರರೇ ಮೊದಲಾದ 28 ಜನ ತಲೆಗೆ ಒಂದು ಪೌಂಡಿನಂತೆ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿಗಳ ಅಂಗಡಿ ತೆರೆದರು. ಸದಸ್ಯನಿಗೆ ಒಂದೇ ಮತ, ಲೆಕ್ಕ ಎಲ್ಲರ ಮುಂದೆ, ಲಾಭ ಕೊಂಡವನಿಗೆ ಹಂಚಿಕೆ ಎಂಬುದು ಅವರ ನಿಯಮ. ಆ ಊರಿನಿಂದ ಹೊರಟ ನಿಯಮ ಜಗತ್ತನ್ನೇ ಸುತ್ತಿತು. ಸಹಕಾರವೆಂಬ ಹೆಸರೊಂದೇ ಕಾಯುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ರಫ್ ಟ್ರೇಡ್ ಅಂಗಡಿಯಿಂದ ಬೆಳೆದ ವಿತರಣೆಯ ವ್ಯವಹಾರವೇ 1991ರಲ್ಲಿ ದಿವಾಳಿ ಎದ್ದು, ಅದನ್ನು ನಂಬಿದ್ದ ಅನೇಕ ಸಣ್ಣ ಕಂಪನಿಗಳ ಬಾಕಿಗೆ ಸಂಚಕಾರ ತಂದಿತು. ಒಳ್ಳೆಯ ಉದ್ದೇಶವಿದ್ದರೂ ಲೆಕ್ಕದ ಮೇಲೆ ಕಣ್ಣಿಡಲೇಬೇಕು.

ಇಂದು ನಮ್ಮ ಓದುಗರ ಕೈಯಲ್ಲೂ ಮೊಬೈಲಿದೆ. ಬೆರಳು ತಾಗಿಸಿದರೆ ಮುಂಗಡ ಹೋಗುತ್ತದೆ. ಚೀಟಿಯ ಹಣ, ಸರಕಿನ ಹಣ, ಮಗನ ಶಿಕ್ಷಣದ ಹಣ ಎಲ್ಲವೂ ಮುಖ ಕಾಣದ ಮಧ್ಯವರ್ತಿಯ ಖಾತೆಯನ್ನು ಹಾದುಹೋಗುತ್ತವೆ. ಆದ್ದರಿಂದ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ನನ್ನ ಹಣ ಬೇರೆ ಖಾತೆಯಲ್ಲಿರುತ್ತದೆಯೇ, ಇಲ್ಲ ಅವನ ಖರ್ಚಿನಲ್ಲಿ ಕಲೆಯುತ್ತದೆಯೇ? ಲೆಕ್ಕ ನೋಡುವ ಹಕ್ಕು ನನಗಿದೆಯೇ? ನಾಳೆ ಅವನು ಬಾಗಿಲು ಹಾಕಿದರೆ ಮೊದಲ ಪಾಲು ಯಾರಿಗೆ? ಉತ್ತರ ಹೇಳಲು ಹಿಂಜರಿಯುವವನ ಕೈಗೆ ಕಾಸು ಕೊಡಬೇಡಿರಿ.

ಬೆಲ್‌ಫಾಸ್ಟಿನ ಹಾಡುಗಾರರನ್ನು ಹನ್ನೊಂದು ವರ್ಷಗಳ ಮೇಲೆ ರಿಕಾರ್ಡಿನ ಕೋಣೆಗೆ ಮರಳಿಸಿದ್ದು ಅವರ ಹಾಡು ಕೇಳುತ್ತ ಮುದುಕರಾದ ಸಾಮಾನ್ಯ ಜನರ ಸಣ್ಣ ಸಣ್ಣ ಮೊತ್ತಗಳು. ಸಣ್ಣ ಮೊತ್ತಗಳಿಗೆ ಅಷ್ಟು ಬಲವಿದೆ. ಆ ಬಲವನ್ನು ಕೂಡಿಸುವುದು ಜನಕ್ಕೆ ಈಗಾಗಲೇ ಬರುತ್ತದೆ. ಅದರ ಬೀಗದ ಕೈಯನ್ನು ತಮ್ಮಲ್ಲೇ ಇಟ್ಟುಕೊಳ್ಳುವುದನ್ನು ಇನ್ನು ಕಲಿಯಬೇಕಾಗಿದೆ.