ಅಬುಧಾಬಿಯ ಎಣ್ಣೆ, ಮಂಗಳೂರಿನಲ್ಲಿ ಅಮಾನತ್ತು

ತಾಂಡ್ಯದ ಕಾರ್ಖಾನೆ ಕೆಲಸಗಾರರ ಮನೆಯಲ್ಲಿ ಒಲೆ ಹತ್ತಬೇಕಾದರೆ ಅರಬ್ಬಿ ಸಮುದ್ರ ಶಾಂತವಾಗಿರಬೇಕು. ದೇಶಕ್ಕೆ ಬೇಕಾದ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರ ಬಹುಪಾಲು ಹಾರ್ಮುಜ್ ಜಲಸಂಧಿ ದಾಟಿ ಬರುವಂಥದ್ದು. ಮಂಗಳೂರಿನಿಂದ ಹಾಸನದ ಮೂಲಕ ಮೈಸೂರಿಗೆ ಗ್ಯಾಸ್ ಪೈಪ್‌ಲೈನ್ ಇದೆ. ಅಲ್ಲಿ ಯುದ್ಧವಾದರೆ ಬಿಸಿ ಇಲ್ಲಿಗೂ ತಟ್ಟುತ್ತದೆ.

ಇದಕ್ಕೊಂದು ದಾರಿ 2018ರಲ್ಲಿ ತೆರೆಯಿತು. ಮಂಗಳೂರಿನ ಬಂಡೆಯೊಳಗಿನ 15 ಲಕ್ಷ ಟನ್ ಉಗ್ರಾಣದ ಅರ್ಧದಲ್ಲಿ ಅಬುಧಾಬಿಯ ಸರ್ಕಾರಿ ಕಂಪನಿ ತನ್ನ ಕಚ್ಚಾತೈಲ ಇಡಲು ಒಪ್ಪಿತು. ಎಣ್ಣೆ ಅವರದು, ತುರ್ತಿನಲ್ಲಿ ಮೊದಲ ಹಕ್ಕು ಭಾರತದ್ದು. ಅಮಾನತ್ತನ್ನು ಇಟ್ಟುಕೊಂಡವನು ಮುಟ್ಟುವ ಹಾಗಿಲ್ಲ. ಇಲ್ಲಿ ಇಟ್ಟವನೇ ಒಪ್ಪಿಗೆ ಕೊಟ್ಟಿದ್ದಾನೆ. ನೆರೆಯ ನಂಬಿಕೆ ಅಂದರೆ ಇದೇ.

ಆದರೆ ಅದು ಕಚ್ಚಾತೈಲ, ನೇರ ಒಲೆಗೆ ಬಾರದು. ಗ್ಯಾಸಿಗೂ ಇಂಥ ಕರಾರು ಬೇಕು.